ಎಂಎಂ 540 ಜೀಪಿಗೆ ಮುಂದಿನ ಸ್ಪೀಕರ್ ಎಲ್ಲಿ ಕೂರಿಸುವುದು? ಬಾಗಿಲೇ ಇಲ್ಲ!

ಬಿಸಿಲೆ_ಜೀಪು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಳೇ ಮಹೀಂದ್ರ ಎಂಎಂ 540 ಇದೆ. ಪೂಜೋ ಡೀಸೆಲ್ ಎಂಜಿನ್, ಕ್ಯಾನ್ವಾಸ್ ಟಾಪ್. ಅಪ್ಪ ತೋಟದ ಕೆಲಸಕ್ಕೆ ಅಂತ ತಗೊಂಡ ಗಾಡಿ, ಗೊಬ್ಬರ, ಕಾಫಿ ಮೂಟೆ, ಆಳುಗಳು ಎಲ್ಲ ಇದರಲ್ಲೇ. ಈಗ ಆ ಕೆಲಸಕ್ಕೆ ಪಿಕಪ್ ಬಂದಿದೆ, ಜೀಪು ನನ್ನ ಪಾಲಿಗೆ ಬಂದಿದೆ.

ಹಿಂದೆ ಯಾರೋ ಎರಡು ಬಾಕ್ಸ್ ಸ್ಪೀಕರ್ ಹಾಕಿಸಿದ್ದರು, ಹಿಂದಿನ ಬೆಂಚ್ ಸೀಟಿನ ತುದಿಯಲ್ಲಿ. ಹಾಡು ಹಿಂದೆ ಕೂತವರಿಗೆ ಮಾತ್ರ. ಮುಂದೆ ನನಗೆ ಕೇಳಿಸುವುದು ಎಂಜಿನ್ ಒಂದೇ. ಜಾಸ್ತಿ ಮಾಡಿದರೆ ಹಿಂದೆ ಕೂತವರು ಬೈತಾರೆ. ಹಾಗಾಗಿ ಮುಂದೆ ಒಂದು ಜೋಡಿ ಬೇಕು.

ಸಮಸ್ಯೆ ಏನು ಅಂದ್ರೆ ಜಾಗವೇ ಇಲ್ಲ. ಬಾಗಿಲ ಬದಲಿಗೆ ಮಳೆಗಾಲದಲ್ಲಿ ಕಟ್ಟುವ ಕ್ಯಾನ್ವಾಸ್ ಪರದೆ. ಡ್ಯಾಶ್ ಅಂದರೆ ಒಂದು ಚಪ್ಪಟೆ ತಗಡು. ಪೇಟೆಯ ಒಂದು ಅಂಗಡಿಯವನು "ಡ್ಯಾಶ್ ಎರಡೂ ಕಡೆ ಕತ್ತರಿಸಿ ಓವಲ್ ಸ್ಪೀಕರ್ ಹಾಕಿಬಿಡೋಣ ಸರ್" ಅಂದ. ನನಗೆ ಮನಸ್ಸಿಲ್ಲ, ಆ ತಗಡು ಇನ್ನೂ ಒರಿಜಿನಲ್ ಇದೆ. ಕತ್ತರಿಸದೆ ಬೇರೆ ದಾರಿ ಇದೆಯಾ? ಓಡಾಟ ಹೆಚ್ಚಾಗಿ ತೋಟದ ರಸ್ತೆ, ಘಾಟಿ ರಸ್ತೆ, 40-50ರ ವೇಗ. ಮಳೆಗಾಲದಲ್ಲಿ ಕಾಲ ಬುಡಕ್ಕೆ ನೀರು ಬರುತ್ತದೆ, ಕೆಸರಾದರೆ ಪೈಪ್ ಹಿಡಿದು ಒಳಗೇ ತೊಳೆಯುತ್ತೇವೆ. ಖರ್ಚು ಎಂಟು ಹತ್ತು ಸಾವಿರದ ಒಳಗೆ ಇದ್ದರೆ ಒಳ್ಳೆಯದು.

ಕೊಪ್ಪದ_ಕಮಾಂಡರ್:

ಮೊದಲು ಆ ಅಂಗಡಿಯವನಿಗೆ ಕೈ ಮುಗಿದು ಬನ್ನಿ. ಡ್ಯಾಶ್ ಕತ್ತರಿಸಿದರೆ ಬರೀ ಚಂದ ಹೋಗುವುದಲ್ಲ, ಆ ತಗಡು ತೆಳ್ಳಗಿದೆ, ಅಷ್ಟು ದೊಡ್ಡ ತೂತು ಬಿದ್ದ ಮೇಲೆ ಸ್ಪೀಕರ್ ಜೊತೆ ಅದೂ ಗಡಗಡ ಅನ್ನುತ್ತದೆ. ಮುಂದೆ ಯಾವತ್ತಾದರೂ ಗಾಡಿ ಮಾರಿದರೆ ಕೊಳ್ಳುವವನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ನನ್ನ ಗಾಡಿ ಮಹೀಂದ್ರ ಕಮಾಂಡರ್ ಜೀಪು, ಮುಂದಿನ ಭಾಗ ಹೆಚ್ಚು ಕಡಿಮೆ ಇದೇ ತರ. ನಾನು ಹಾಕಿರುವುದು ಕಾಲಿಡುವ ಜಾಗದ ಪಕ್ಕದ ಗೋಡೆಗೆ. ಅಂದರೆ ಡ್ಯಾಶ್ ಕೆಳಗೆ, ಪೆಡಲ್‌ಗಳ ಪಕ್ಕ, ಬಾಡಿಯ ತಗಡು ಒಳಗಿನಿಂದ ಕಾಣುತ್ತದಲ್ಲ, ಆ ಜಾಗ. ಹುಷಾರು, ಅಲ್ಲಿ ತಗಡು ಒಂದೇ ಪದರ. ಕಾರಿನ ಹಾಗೆ ಹಿಂದೆ ಟೊಳ್ಳು ಇಲ್ಲ. ತೂತು ಹಾಕಿದರೆ ಆ ಕಡೆ ರಸ್ತೆ ಕಾಣುತ್ತದೆ! ಅದಕ್ಕೆ ಕತ್ತರಿಸಬೇಡಿ, ಚಿಕ್ಕ ಮುಚ್ಚಿದ ಪೆಟ್ಟಿಗೆ ಮಾಡಿಸಿ ಗೋಡೆಗೆ ಆನಿಸಿ ಕೂರಿಸಿ.

12 ಎಂಎಂ ಮರೀನ್ ಪ್ಲೈ. ಹೊರಗಿನ ಅಳತೆ 20 ಸೆಂ.ಮೀ. ಉದ್ದ, 20 ಎತ್ತರ, 10 ದಪ್ಪ. ಒಳಗೆ ಎರಡೂಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ ಗಾಳಿ ಸಿಗುತ್ತದೆ, 4 ಇಂಚಿನ ಸ್ಪೀಕರಿಗೆ ಅಷ್ಟು ಸಾಕು. ಮೂಲೆಗಳಿಗೆ ಫೆವಿಕಾಲ್ ಹಚ್ಚಿ ಸ್ಕ್ರೂ, ಒಳಗಿನಿಂದ ಎಂ-ಸೀಲ್. ಹೊರಗೆ ಎರಡು ಕೋಟ್ ಪೇಂಟ್, ಅದರ ಮೇಲೆ ಬೇಕಾದರೆ ಸೀಟ್ ಹೊಲಿಯುವವರ ಹತ್ತಿರ ಕಪ್ಪು ರೆಕ್ಸಿನ್. ಮ್ಯಾಟ್ ತರದ ಬಟ್ಟೆ ಮಾತ್ರ ಅಂಟಿಸಬೇಡಿ, ನಮ್ಮ ಕಡೆ ಜುಲೈ ಬಂದರೆ ಬೂಸ್ಟು ಹಿಡಿದು ಗಾಡಿಯೆಲ್ಲ ಮುಗ್ಗಲು ವಾಸನೆ. ಪೆಟ್ಟಿಗೆಯ ಬುಡ ನೆಲದಿಂದ ನಾಲ್ಕು ಬೆರಳಾದರೂ ಮೇಲಿರಲಿ, ತೊಳೆದ ನೀರು ನಿಲ್ಲಬಾರದು.

ರೋಲ್‌ಬಾರ್_ರಾಜ:

ಕಾಲ ಹತ್ತಿರ ಯಾಕೆ ಗುರು, ಕಿವಿ ಇರುವುದು ಮೇಲೆ ಅಲ್ವಾ?

ರೋಲ್ ಬಾರ್ (ಗಾಡಿ ಮಗುಚಿದರೆ ತಲೆ ಕಾಯುವ ದಪ್ಪ ಪೈಪ್ ಕಮಾನು) ಇದ್ದರೆ ಅದಕ್ಕೇ ಕಟ್ಟಿ. 2020ರ ಹೊಸ ಥಾರ್‌ನಲ್ಲಿ ಕಂಪನಿಯವರೇ ಛಾವಣಿಗೆ ಸ್ಪೀಕರ್ ಕೊಟ್ಟಿದ್ದಾರೆ, ಸುಮ್ನೆ ಕೊಟ್ಟಿಲ್ಲ. ತೆರೆದ ಗಾಡಿಯಲ್ಲಿ ಎಂಜಿನ್, ಗೇರ್ ಬಾಕ್ಸ್, ಟೈರ್ ಎಲ್ಲದರ ಸದ್ದು ಕೆಳಗಿನಿಂದ ಬರುತ್ತದೆ. ಸ್ಪೀಕರ್ ಕಿವಿಗೆ ಹತ್ತಿರ ಇದ್ದಷ್ಟೂ ಕಡಿಮೆ ವಾಲ್ಯೂಮ್ ಸಾಕು.

ಬಾರಿಗೆ ಕಟ್ಟುವ ರೆಡಿಮೇಡ್ ಸ್ಪೀಕರ್ ಡಬ್ಬ, ಪಾಡ್ ಅನ್ನುತ್ತಾರೆ, ದುಬಾರಿ. ನಾನು ಪ್ಲಂಬಿಂಗ್ ಅಂಗಡಿಯ 110 ಎಂಎಂ ಪಿವಿಸಿ ಪೈಪಿನ ತುಂಡು ತಗೊಂಡು, ಒಂದು ಬದಿಗೆ ಎಂಡ್ ಕ್ಯಾಪ್, ಇನ್ನೊಂದು ಬದಿಗೆ ಪ್ಲೈ ಉಂಗುರ ಕೂರಿಸಿ 4 ಇಂಚಿನ ಸ್ಪೀಕರ್ ಬಿಗಿದೆ. ಎರಡು ದೊಡ್ಡ ಕ್ಲಾಂಪ್, ನಡುವೆ ಹಳೇ ಟ್ಯೂಬಿನ ರಬ್ಬರ್. ಮ್ಯಾಟ್ ಕಪ್ಪು ಹೊಡೆದ ಮೇಲೆ ಯಾರೂ ಪೈಪ್ ಅನ್ನುವುದಿಲ್ಲ.

ತಂತಿ_ತಂಬೂರಿ:

ರಾಜ ಅವರೇ, ಪೈಪಿನ ಉಪಾಯ ಚೆನ್ನಾಗಿದೆ. ಆದರೆ ಅವರು ಕೇಳಿದ್ದು ಮುಂದಿನ ಸ್ಪೀಕರ್. ರೋಲ್ ಬಾರ್ ಇರುವುದು ಡ್ರೈವರ್ ತಲೆಯ ಹಿಂದೆ. ಅಲ್ಲಿ ಕಟ್ಟಿದರೆ ಜೋರಾಗಿ ಕೇಳಿಸುತ್ತದೆ, ಒಪ್ಪಿದೆ. ಹಾಡುವವರು ಮಾತ್ರ ಹಿಂದಿನ ಸೀಟಿನಲ್ಲೇ ಕೂತಿರುತ್ತಾರೆ. ಕೆಲವರಿಗೆ ಪರವಾಗಿಲ್ಲ, ನನಗೆ ಕಿರಿಕಿರಿ. ಥಾರ್‌ನಲ್ಲಿ ಛಾವಣಿಯದ್ದರ ಜೊತೆ ಟ್ವೀಟರ್ (ತೀಕ್ಷ್ಣ ಸ್ವರಕ್ಕೆ ಅಂತ ಇರುವ ಸಣ್ಣ ಸ್ಪೀಕರ್) ಬೇರೆ ಇದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಕೇಳಿದವರಿಗೆ ಒಂದು ಮಾತು. ಎಲ್ಲಿ ಬೇಕಾದರೂ ಕೂರಿಸಿ, ಸ್ಪೀಕರಿನ ಬೆನ್ನು ಮುಚ್ಚಿರಬೇಕು. ಕೋನ್, ಅಂದರೆ ಸ್ಪೀಕರಿನಲ್ಲಿ ಅದುರುವ ಬಟ್ಟಲು, ಮುಂದಕ್ಕೆ ತಳ್ಳುವಾಗ ಹಿಂದಿನ ಗಾಳಿಯನ್ನು ಎಳೆಯುತ್ತಿರುತ್ತದೆ. ಮುಂದಿನ ಸದ್ದು, ಹಿಂದಿನ ಸದ್ದು ಒಂದಕ್ಕೊಂದು ಉಲ್ಟಾ. 100 ಹರ್ಟ್ಸ್ ಸ್ವರದ ಅಲೆ ಸುಮಾರು 3.4 ಮೀಟರ್ ಉದ್ದ, ಅದಕ್ಕೆ ಚಿಕ್ಕ ತಗಡು ಅಡ್ಡವೇ ಅಲ್ಲ, ಹಿಂದಿನಿಂದ ಸುತ್ತಿ ಬಂದು ಮುಂದಿನದನ್ನು ತಿಂದುಹಾಕುತ್ತದೆ. ಮೃದಂಗದ ಎಡಗಡೆ ಪೂರ್ತಿ ಮಾಯ, ಬರೀ ಜಾಲ್ರ ಉಳಿಯುತ್ತದೆ. ಜೀಪಿನ ಡ್ಯಾಶ್ ಹಿಂದೆ ಎಲ್ಲ ತೆರೆದೇ ಇರುತ್ತದೆ, ಹಾಗಾಗಿ ಅದನ್ನು ಕತ್ತರಿಸಿದ್ದರೂ ಸದ್ದು ಚೆನ್ನಾಗಿ ಬರುತ್ತಿರಲಿಲ್ಲ.

ಇನ್ನೊಂದು, ವ್ಯಾಟ್ ನೋಡಿ ಕೊಳ್ಳಬೇಡಿ. ಸ್ಟೀರಿಯೋ ಸೆಟ್ ಮೇಲೆ 50 ಇಂಟು 4, ಅಂದರೆ ನಾಲ್ಕು ಸ್ಪೀಕರಿಗೆ ತಲಾ 50 ವ್ಯಾಟ್ ಅಂತ ಬರೆದಿದ್ದರೂ ನಿಜವಾಗಿ ಒಂದೊಂದು ಸ್ಪೀಕರಿಗೆ 20ರ ಆಸುಪಾಸು ಸಿಕ್ಕರೆ ಹೆಚ್ಚು. ಡಬ್ಬದ ಮೇಲೆ ಸೆನ್ಸಿಟಿವಿಟಿ ಅಂತ ಇರುತ್ತದೆ, ಅದನ್ನು ನೋಡಿ. 88 ಡಿಬಿ ಇರುವ ಸ್ಪೀಕರ್ ಎಷ್ಟು ಕರೆಂಟ್ ತಿಂದು ಸದ್ದು ಕೊಡುತ್ತದೋ, 91 ಡಿಬಿಯದ್ದು ಅದರರ್ಧದಲ್ಲಿ ಅಷ್ಟೇ ಸದ್ದು ಕೊಡುತ್ತದೆ. ಡೀಸೆಲ್ ಜೀಪಿನಲ್ಲಿ ಈ 3 ಡಿಬಿ ಗೊತ್ತಾಗುತ್ತದೆ.

ಬಿಸಿಲೆ_ಜೀಪು:

ಇಷ್ಟು ಬೇಗ ಇಷ್ಟೊಂದು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. ರೋಲ್ ಬಾರ್ ನನ್ನ ಗಾಡಿಯಲ್ಲಿ ಇಲ್ಲ, ಕ್ಯಾನ್ವಾಸ್ ಹಿಡಿಯುವ ಸಣ್ಣ ಪೈಪ್ ಕಮಾನು ಮಾತ್ರ. ಅದಕ್ಕೆ ಏನಾದರೂ ಕಟ್ಟಿದರೆ ಕಮಾನೇ ಅಲುಗಾಡುತ್ತದೆ.

ಕೊಪ್ಪದ ಅಣ್ಣ ಹೇಳಿದ ಅಳತೆಗೆ ರಟ್ಟಿನ ಪೆಟ್ಟಿಗೆ ಮಾಡಿ ಇಟ್ಟು ನೋಡಿದೆ. ಎಡಗಡೆ ಬಹಳ ಚೆನ್ನಾಗಿ ಕೂರುತ್ತದೆ. ಬಲಗಡೆ ಸರಿಯಾಗುತ್ತಿಲ್ಲ. ಆಕ್ಸಿಲರೇಟರ್ ಪೆಡಲ್ ಆ ಗೋಡೆಯ ಪಕ್ಕದಲ್ಲೇ ಇದೆ. ಬರಿಗಾಲಲ್ಲಿ ಸರಿ, ಗಮ್ ಬೂಟ್ ಹಾಕಿಕೊಂಡು ಒತ್ತಿದರೆ ಬೂಟಿನ ಅಂಚು ರಟ್ಟಿಗೆ ಉಜ್ಜುತ್ತದೆ. ಬ್ರೇಕಿನಿಂದ ಆಕ್ಸಿಲರೇಟರಿಗೆ ಕಾಲು ತರುವಾಗ ಒಂದು ಸಲ ಸಿಕ್ಕಿಕೊಂಡಿತು. ನಿಂತ ಗಾಡಿಯಲ್ಲಿ ಸರಿ, ಘಾಟಿಯಲ್ಲಿ ಹೀಗಾದರೆ ಕಷ್ಟ.

ಎಡಗಡೆ ಒಂದನ್ನೇ ಹಾಕಿದರೆ ನಡೆಯುತ್ತದಾ? ಅಥವಾ ಬಲಗಡೆಯದ್ದು ತೆಳ್ಳಗೆ ಮಾಡಿಸಲಾ?

ಕೊಪ್ಪದ_ಕಮಾಂಡರ್:

ಓಹೋ, ಗಮ್ ಬೂಟ್. ನಾನು ಓಡಿಸುವುದು ಚಪ್ಪಲಿಯಲ್ಲಿ. ಹಾಗಾದರೆ ಬಲಗಡೆ ಕಾಲ ಹತ್ತಿರ ಬೇಡವೇ ಬೇಡ, ಎಷ್ಟು ತೆಳ್ಳಗೆ ಮಾಡಿದರೂ ಬೇಡ. 4 ಇಂಚಿನ ಸ್ಪೀಕರಿಗೇ ಸುಮಾರು 45 ಎಂಎಂ ಆಳ ಬೇಕು, ಅದರ ಹಿಂದೆ ಮುಂದೆ ಪ್ಲೈ ಸೇರಿದರೆ 7 ಸೆಂ.ಮೀ.ಗಿಂತ ಕೆಳಗೆ ಇಳಿಯುವುದಿಲ್ಲ. ಪೆಡಲ್ ಹತ್ತಿರ ಏನೂ ಇರಬಾರದು, ಹಾಡು ಆಮೇಲೆ.

ಒಂದೇ ಹಾಕಿದರೆ ಪಕ್ಕದಲ್ಲಿ ಕೂತವರಿಗೆ ಕಛೇರಿ, ನಿಮಗೆ ಸಪ್ಪಳ.

ಟೆಕ್ಸಾಸ್_ತಿಪಟೂರು:

ಸ್ವಲ್ಪ ದೂರದಿಂದ ಬರೆಯುತ್ತಿದ್ದೇನೆ, ಇಲ್ಲಿ ನನ್ನ ಹತ್ತಿರ ಹಳೇ ರ‍್ಯಾಂಗ್ಲರ್ ಇದೆ, ಟಿಜೆ ಅನ್ನುತ್ತಾರೆ, 1997ರಿಂದ 2006ರವರೆಗೆ ಬಂದ ಮಾದರಿ. ಇದರ ಬಾಗಿಲು ಕಿತ್ತು ಮನೆಯಲ್ಲಿಟ್ಟು ಓಡಿಸಬಹುದು. ಅದಕ್ಕೇ ಕಂಪನಿಯವರು ಬಾಗಿಲಿಗೆ ಸ್ಪೀಕರ್ ಹಾಕಿಲ್ಲ. ಮುಂದಿನ ಜೋಡಿ ಇರುವುದು ಡ್ಯಾಶಿನ ಎರಡು ತುದಿಗಳಲ್ಲಿ, ಕೆಳಭಾಗದಲ್ಲಿ, ಮೊಣಕಾಲಿಗೆ ಮುಖ ಮಾಡಿ. ಹಿಂದಿನ ಜೋಡಿ ರೋಲ್ ಬಾರಿಗೆ ಬಿಗಿದ ಸೌಂಡ್ ಬಾರ್ ಅನ್ನುವ ಉದ್ದ ಸ್ಪೀಕರ್ ಪೆಟ್ಟಿಗೆಯಲ್ಲಿ. ಅಂದರೆ ಮೇಲೆ ಇಬ್ಬರು ವಾದ ಮಾಡಿದಿರಲ್ಲ, ಜೀಪಿನವರು ಎರಡನ್ನೂ ಮಾಡಿ ಕೈ ತೊಳೆದುಕೊಂಡಿದ್ದಾರೆ.

ಎಂಎಂ 540ಗೂ ಅದೇ ಜಾಗ ಹುಡುಕಿ. ಡ್ಯಾಶ್ ತಗಡು ಕೆಳಗೆ ಒಳಕ್ಕೆ ಮಡಚಿರುತ್ತದೆ. ಆ ಮಡಿಕೆಗೆ ತುದಿಯಲ್ಲಿ ಒಂದು ಎಲ್ ಆಕಾರದ ಪಟ್ಟಿ ಬಿಗಿದು, ಅದರಿಂದ ಪೆಟ್ಟಿಗೆಯನ್ನು ಕೆಳಕ್ಕೆ ನೇತುಹಾಕಿ. ಡ್ಯಾಶಿನ ಮುಖಕ್ಕೆ ಏನೂ ಆಗುವುದಿಲ್ಲ, ಮಡಿಕೆಯಲ್ಲಿ ಎರಡು ಸಣ್ಣ ಬೋಲ್ಟ್ ತೂತು ಬೀಳಬಹುದು, ಅದು ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ. ಕಾಲು ಆಡುವ ಜಾಗಕ್ಕಿಂತ ಇದು ಮೇಲಿರುತ್ತದೆ, ಹಾಗಾಗಿ ಬೂಟಿಗೆ ಸಿಗುವುದಿಲ್ಲ. ನೋಡಿಕೊಳ್ಳಬೇಕಾದದ್ದು ಮೊಣಕಾಲು. ನಿಮ್ಮ ಮೊಣಕಾಲು ಅಷ್ಟೇ ಅಲ್ಲ, ಎತ್ತರದ ಅಳಿಯನೋ ಮಾವನೋ ಯಾರಾದರೂ ಓಡಿಸುವವರಿದ್ದರೆ ಅವರನ್ನೂ ಕೂರಿಸಿ ನೋಡಿ. ಗಾಡಿ ಹತ್ತಿ ಇಳಿಯುವಾಗ ಎಲ್ಲರ ಮೊಣಕಾಲೂ ಆ ತುದಿಯಲ್ಲೇ ಹಾದು ಹೋಗುತ್ತದೆ, ಚೂಪು ಮೂಲೆ ಇರಬಾರದು, ಉಜ್ಜಿ ದುಂಡಗೆ ಮಾಡಿಸಿ.

ತಂತಿ_ತಂಬೂರಿ:

ಇದು ಒಳ್ಳೆಯ ಜಾಗ. ಒಂದೇ ತಿದ್ದುಪಡಿ. ಪೆಟ್ಟಿಗೆಯನ್ನು ಚೌಕ ಮಾಡಿಸಬೇಡಿ, ಇಳಿಜಾರು ಮುಖದ್ದು ಮಾಡಿಸಿ. ಮುಖ ಸ್ವಲ್ಪ ಮೇಲಕ್ಕೆ, ಸ್ವಲ್ಪ ಒಳಕ್ಕೆ ತಿರುಗಿರಲಿ. ಬಲಗಡೆಯದ್ದು ಎಡಗಡೆ ಕೂತವರ ಮುಖದ ಕಡೆಗೆ, ಎಡಗಡೆಯದ್ದು ಡ್ರೈವರ್ ಮುಖದ ಕಡೆಗೆ. ಯಾಕೆ ಅಂದರೆ ತೀಕ್ಷ್ಣ ಸ್ವರಗಳು ಟಾರ್ಚ್ ಬೆಳಕಿನ ತರ ನೇರ ಹೋಗುತ್ತವೆ, ಮೊಣಕಾಲಿಗೆ ಬಡಿದರೆ ಅಲ್ಲೇ ಮುಗಿಯಿತು. ಹತ್ತಿರದ ಸ್ಪೀಕರ್ ಓರೆಯಾಗಿ, ದೂರದ್ದು ನೇರವಾಗಿ ಕೇಳಿಸಿದರೆ ಎರಡೂ ಹೆಚ್ಚು ಕಡಿಮೆ ಸಮ ಅನಿಸುತ್ತದೆ.

ಆಂಪ್ಲಿಫಯರ್‌ನಲ್ಲಿ ಹೈ ಪಾಸ್ (ದಪ್ಪ ಸದ್ದನ್ನು ತಡೆಯುವುದು) ಅಂತ ಸ್ವಿಚ್ ಇದ್ದರೆ 100 ಹರ್ಟ್ಸ್ ಹತ್ತಿರ ಇಡಿ. ಇಷ್ಟು ಸಣ್ಣ ಪೆಟ್ಟಿಗೆಯಿಂದ ಡೊಳ್ಳಿನ ಸದ್ದು ನಿರೀಕ್ಷಿಸಿದರೆ ಕೋನ್ ಹರಿಯುತ್ತದೆ ಅಷ್ಟೇ. ದಪ್ಪ ಸದ್ದು ಹಿಂದಿನ ಬಾಕ್ಸ್‌ಗಳಿಂದ ಬರಲಿ. ಇದ್ದದ್ದನ್ನು ಕಿತ್ತು ಹಾಕಬೇಡಿ, ವಾಲ್ಯೂಮ್ ಮುಂದಕ್ಕೆ ಜಾಸ್ತಿ, ಹಿಂದಕ್ಕೆ ಕಡಿಮೆ ಮಾಡಿಕೊಳ್ಳಿ.

ಜಿಪ್ಸಿ_ಹುಡುಗ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಂದು ಜಿಪ್ಸಿ ಕಿಂಗ್, ಬಾಗಿಲು ಇದೆ. ನನಗೂ ಡ್ಯಾಶ್ ಕೆಳಗೇ ಒಳ್ಳೆಯದಾ, ಬಾಗಿಲಿಗೆ ಹಾಕಲಾ?

ಕೊಪ್ಪದ_ಕಮಾಂಡರ್:

ಬಾಗಿಲು ಇದ್ದವರು ಅದೃಷ್ಟವಂತರು ಮಾರಾಯ್ರೇ. ಜಿಪ್ಸಿಯ ಬಾಗಿಲು ತೆಳು. ರೆಕ್ಸಿನ್ ಪ್ಯಾಡ್ ಬಿಚ್ಚಿ, ಗಾಜು ಪೂರ್ತಿ ಕೆಳಗಿಳಿಸಿ, ಆಮೇಲೆ ಅಳತೆ ತಗೊಳ್ಳಿ. ಗಾಜು ಮೇಲಿದ್ದಾಗ ಬೇಕಾದಷ್ಟು ಜಾಗ ಇದೆ ಅನಿಸುತ್ತದೆ, ಸ್ಪೀಕರ್ ಬಿಗಿದು ಗಾಜು ಇಳಿಸಿದರೆ ಆಯಸ್ಕಾಂತಕ್ಕೆ ಟಣ್ ಅಂತ ಬಡಿಯುತ್ತದೆ. ಜಾಗ ಸಾಲದಿದ್ದರೆ ಪ್ಲೈ ಉಂಗುರ ಕೊಟ್ಟು ಹೊರಕ್ಕೆ ತನ್ನಿ. ಬಾಗಿಲ ಬುಡದಲ್ಲಿ ನೀರು ಹೋಗುವ ತೂತುಗಳಿರುತ್ತವೆ, ಅವು ಮುಚ್ಚಿಹೋಗಿವೆಯಾ ನೋಡಿ. ಉಳಿದದ್ದಕ್ಕೆ ಬೇರೆ ಪ್ರಶ್ನೆ ಹಾಕಿ, ಇಲ್ಲಿ ಬೇಡ.

ಪಡುಬಿದ್ರಿ_ಬೋಟು:

ಜಾಗದ ಬಗ್ಗೆ ಎಲ್ಲ ಹೇಳಿ ಆಯಿತು, ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಬಾಗಿಲಿಲ್ಲದ ಗಾಡಿಗೆ ಮಾಮೂಲಿ ಕಾರ್ ಸ್ಪೀಕರ್ ತರಬೇಡಿ. ಕಾಗದದ ಕೋನ್ ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೆತ್ತಗಾಗುತ್ತದೆ. ದೋಣಿಗೆ ಹಾಕುವ ಮರೀನ್ ಸ್ಪೀಕರ್ ಅಂತ ಬರುತ್ತವೆ, ಪ್ಲಾಸ್ಟಿಕ್ ಕೋನ್, ರಬ್ಬರ್ ಅಂಚು, ಬಿಸಿಲಿಗೂ ತಡೆಯುತ್ತದೆ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಇಲ್ಲ ಆನ್‌ಲೈನ್ ತರಿಸಿ. ಸ್ಕ್ರೂ ಸ್ಟೇನ್‌ಲೆಸ್ ಇರಲಿ.

ವೈರಿಂಗ್ ಮುಖ್ಯ. ಬ್ಯಾಟರಿಯಿಂದ ಹೊಸ ಪ್ಲಸ್ ವೈರ್ ಎಳೆಯಿರಿ, ಬ್ಯಾಟರಿಯಿಂದ ಒಂದು ಗೇಣು ದೂರದೊಳಗೇ ಫ್ಯೂಸ್ ಇರಬೇಕು. ಸ್ಟೀರಿಯೋ ಪಕ್ಕ ಫ್ಯೂಸ್ ಇದೆಯಲ್ಲ ಅಂತ ಸುಮ್ಮನಿರಬೇಡಿ, ಅದು ಸ್ಟೀರಿಯೋ ಉಳಿಸುತ್ತದೆ, ವೈರ್ ಎಲ್ಲಾದರೂ ತಗಡಿಗೆ ಉಜ್ಜಿ ಶಾರ್ಟ್ ಆದರೆ ಗಾಡಿ ಉಳಿಸುವುದಿಲ್ಲ. ಎಂಜಿನ್ ಕಡೆಯಿಂದ ಒಳಕ್ಕೆ ವೈರ್ ಬರುವ ತೂತಿಗೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಕಡ್ಡಾಯ. ಅರ್ಥ್ ಕೊಡುವ ಕಡೆ ಪೇಂಟ್ ಕೆರೆದು ಹೊಳೆಯುವ ತಗಡಿಗೆ ಬಿಗಿಯಿರಿ, ಮೇಲೆ ಗ್ರೀಸ್ ಹಚ್ಚಿ. ಅರ್ಥ್ ಸರಿ ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದ ಹಾಗೆ ಸ್ಪೀಕರಿನಲ್ಲಿ ಕುಂಯ್ ಅಂತ ಏರುವ ಸದ್ದು ಬರುತ್ತದೆ, ಅದು ಆಲ್ಟರ್ನೇಟರ್, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ್ದು. ಪೆಟ್ರೋಲ್ ಗಾಡಿಯ ಹಾಗೆ ಪ್ಲಗ್ಗಿನ ಟಿಕ್ ಟಿಕ್ ನಿಮಗಿಲ್ಲ, ಡೀಸೆಲ್ಲಿನ ಒಂದು ಸುಖ ಅದು.

ಗಾಡಿ ಮಿಲಿಟರಿ ಹರಾಜಿನಿಂದ ಬಂದದ್ದಾಗಿದ್ದರೆ ವೋಲ್ಟೇಜ್ ಮೊದಲು ನೋಡಿ, 24 ವೋಲ್ಟ್ ಇದ್ದರೆ ಸ್ಟೀರಿಯೋ ಹೊಗೆ ಹಾಕುತ್ತದೆ. ತೋಟದ ಮನೆ ಅಂದಿರಿ, ಇಲಿ ಇದ್ದೇ ಇರುತ್ತದೆ. ವೈರ್‌ಗೆ ಸುಕ್ಕು ಸುಕ್ಕು ಪ್ಲಾಸ್ಟಿಕ್ ಪೈಪ್ ಹಾಕಿಸಿ. ಹಾಕಿದರೂ ಕಡಿಯುತ್ತದೆ, ಸ್ವಲ್ಪ ನಿಧಾನವಾಗಿ.

ರೋಲ್‌ಬಾರ್_ರಾಜ:

ಕಳ್ಳರನ್ನು ಮರೆತಿರಿ. ಪರದೆ ಬಿಚ್ಚಿದರೆ ಜೀಪು ಬಟಾಬಯಲು. ಪೆಟ್ಟಿಗೆಯನ್ನು ಪಟ್ಟಿಗೆ ವಿಂಗ್ ನಟ್‌ನಲ್ಲಿ ಬಿಗಿಯಿರಿ, ವೈರ್‌ಗೆ ಕನೆಕ್ಟರ್ ಕೊಡಿ. ಪೇಟೆಯಲ್ಲಿ ರಾತ್ರಿ ನಿಲ್ಲಿಸುವುದಿದ್ದರೆ ಕೈಯಲ್ಲೇ ತಿರುಗಿಸಿ ಬಿಚ್ಚಿ ಒಳಗೆ ಒಯ್ಯಬಹುದು. ವಿಂಗ್ ನಟ್ ಕೆಳಗೆ ಸ್ಪ್ರಿಂಗ್ ವಾಷರ್ ಹಾಕಿ, ಪೂಜೋ ಎಂಜಿನ್ ನಡುಗುವ ನಡುಕಕ್ಕೆ ಇಲ್ಲದಿದ್ದರೆ ತಾನೇ ಬಿಚ್ಚಿಕೊಳ್ಳುತ್ತದೆ.

ಮತ್ತೆ, ಟೇಪ್ ರೆಕಾರ್ಡರ್ ಎಲ್ಲಿದೆ ನಿಮ್ಮದು?

ಬಿಸಿಲೆ_ಜೀಪು:

ಸ್ಟೀರಿಯೋ ಡ್ಯಾಶ್ ಕೆಳಗೆ ನಡುವೆ ನೇತಾಡುತ್ತಿತ್ತು, ತುಕ್ಕು ಹಿಡಿದು ಸತ್ತಿದೆ. ಅದರ ಬದಲು ಸಣ್ಣ ಬ್ಲೂಟೂತ್ ಆಂಪ್ಲಿಫಯರ್ ಹಾಕಿ ಫೋನಿನಿಂದಲೇ ಹಾಡು ಕೊಡೋಣ ಅಂತಿದ್ದೇನೆ. ಪಕ್ಕದ ಸೀಟಿನ ಕೆಳಗೆ ಇಡಬಹುದಾ? ಗಾಡಿ 12 ವೋಲ್ಟೇ, ಮಿಲಿಟರಿದಲ್ಲ.

ಡ್ಯಾಶ್ ತುದಿಗೆ ರಟ್ಟು ಕಟ್ಟಿ ನೋಡಿದೆ. ಬಲಗಡೆ ಬೂಟೂ ತಾಗಲ್ಲ, ಮೊಣಕಾಲೂ ತಾಗಲ್ಲ. ಅಪ್ಪ ಹತ್ತಿ ಇಳಿದು ನೋಡಿದರು, "ಇದೇನೋ ರಟ್ಟಿನ ಡಬ್ಬ" ಅಂದರು, ಆದರೆ ಏನೂ ತಾಗಲಿಲ್ಲ. ಎಡಗಡೆ ಕಾಲ ಹತ್ತಿರ ಎಷ್ಟು ಚೆನ್ನಾಗಿ ಕೂತಿತ್ತು ಅಂತ ಸ್ವಲ್ಪ ಬೇಜಾರು. ಎಡಗಡೆ ಕೆಳಗೆ, ಬಲಗಡೆ ಮೇಲೆ ಹಾಕಿದರೆ?

ತಂತಿ_ತಂಬೂರಿ:

ಬೇಡ. ಎರಡೂ ಒಂದೇ ಎತ್ತರದಲ್ಲಿರಲಿ. ಒಂದು ಕೆಳಗೆ ಒಂದು ಮೇಲೆ ಆದರೆ ಹಾಡು ಓರೆಯಾಗಿ ನಿಂತ ಹಾಗೆ ಕೇಳಿಸುತ್ತದೆ.

ಪಡುಬಿದ್ರಿ_ಬೋಟು:

ಸೀಟ್ ಕೆಳಗೆ ಬೇಡ. ತೊಳೆದ ನೀರು ಅಲ್ಲೇ ಸೇರುತ್ತದೆ. ಹಳೇ ಜೀಪುಗಳಲ್ಲಿ ಡ್ರೈವರ್ ಸೀಟಿನ ಕೆಳಗೇ ಡೀಸೆಲ್ ಟ್ಯಾಂಕ್ ಇರುವುದೂ ಉಂಟು, ಸ್ಕ್ರೂ ಹೊಡೆಯುವ ಮೊದಲು ಬಗ್ಗಿ ನೋಡಬೇಕು. ಆಂಪ್ಲಿಫಯರ್ ಡ್ಯಾಶ್ ಹಿಂದೆ ಎಡಗಡೆ ಎತ್ತರದಲ್ಲಿ, ಕನೆಕ್ಟರ್‌ಗಳು ಕೆಳಮುಖವಾಗಿ ಬರುವ ಹಾಗೆ ಕಟ್ಟಿ. ಗಾಜಿನ ಫ್ರೇಮಿನ ಬುಡದಲ್ಲಿ ರಬ್ಬರ್ ಹಳೇದಾಗಿದ್ದರೆ ಅಲ್ಲಿಂದಲೂ ನೀರು ಇಳಿಯುತ್ತದೆ, ಅದರ ನೇರ ಕೆಳಗೆ ಬೇಡ. ಒಂದು ಮಳೆಯಲ್ಲಿ ಎಲ್ಲಿ ಹನಿಯುತ್ತದೆ ನೋಡಿ ಆಮೇಲೆ ಜಾಗ ಗುರುತು ಮಾಡಿ.

ಬಿಸಿಲೆ_ಜೀಪು:

ಸರಿ, ತೀರ್ಮಾನ ಆಯಿತು. ಡ್ಯಾಶ್ ತುದಿಗೆ ಇಳಿಜಾರು ಪೆಟ್ಟಿಗೆ, 4 ಇಂಚಿನ ಮರೀನ್ ಸ್ಪೀಕರ್, ವಿಂಗ್ ನಟ್. ಹಿಂದಿನವು ಹಾಗೇ ಇರಲಿ. ಪ್ಲೈ ಕೆಲಸಕ್ಕೆ ನಮ್ಮ ಊರಿನ ಆಚಾರ್ರು ಒಪ್ಪಿದ್ದಾರೆ. ಎಲ್ ಪಟ್ಟಿ ಮಾತ್ರ ವೆಲ್ಡಿಂಗ್ ಶಾಪಿನವರು "ಮಡಿಕೆಗೇ ಎರಡು ಟ್ಯಾಕ್ ವೆಲ್ಡ್ ಹೊಡೆದುಬಿಡ್ತೀನಿ, ಬೋಲ್ಟ್ ಯಾಕೆ" ಅನ್ನುತ್ತಿದ್ದಾರೆ. ಹೊಡೆಸಲಾ?

ಟೆಕ್ಸಾಸ್_ತಿಪಟೂರು:

ಬೋಲ್ಟೇ ಇರಲಿ. ಟ್ಯಾಕ್ ಹೊಡೆದರೆ ಶಾಖಕ್ಕೆ ಡ್ಯಾಶ್ ಮುಖದ ಪೇಂಟ್ ಗುಳ್ಳೆ ಏಳುತ್ತದೆ, ಅಷ್ಟು ಜೋಪಾನ ಮಾಡಿದ್ದು ದಂಡ. ಪಟ್ಟಿಯನ್ನು ಹೊರಗೆ ಬೆಂಚ್ ಮೇಲೆ ವೆಲ್ಡ್ ಮಾಡಿಸಿ, ಪೇಂಟ್ ಹೊಡೆದು, ಗಾಡಿಗೆ ಬರೀ ಬಿಗಿಯಿರಿ. ಪಟ್ಟಿಗೂ ಮಡಿಕೆಗೂ ನಡುವೆ ತೆಳು ರಬ್ಬರ್ ಕೊಡಿ.

ಕೊಪ್ಪದ_ಕಮಾಂಡರ್:

ಅವರು ಗಾಡಿಗೇ ವೆಲ್ಡಿಂಗ್ ಹಚ್ಚುತ್ತೇನೆ ಅಂತ ಹಟ ಹಿಡಿದರೆ, ಬ್ಯಾಟರಿಯ ಮೈನಸ್ ಮತ್ತು ಆಲ್ಟರ್ನೇಟರ್ ವೈರ್ ಬಿಚ್ಚದೆ ಕೈ ಹಾಕಲು ಬಿಡಬೇಡಿ. ಕೂರಿಸಿದ ಮೇಲೆ ಫೋಟೋ ಹಾಕಿ, ಆಚಾರ್ರ ಕೆಲಸ ನೋಡಬೇಕು.